ಬೋಲ್ಟ್ ಇಲ್ಲದ ಬಂದೂಕಿಗೆ ಕುಂಕುಮ

ಅವರ ಬಲಗೈ ಹೆಬ್ಬೆರಳು ಸದಾ ನೀಲಿ. ಇಂಕಿನ ನೀಲಿಯಲ್ಲ, ಜಿಡ್ಡು ನೀಲಿ. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಆ ಕೈಯಲ್ಲೇ ನನ್ನ ಕಾಫಿ ಲೋಟ ಎತ್ತಿ, ಕುಡಿಯುವ ಮೊದಲು ಒಮ್ಮೆ ಮೂಸುತ್ತಿದ್ದರು. ನಾನೇನು ವಿಷ ಹಾಕಿರುತ್ತೇನೆಯೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಪರದೇಶದ ನ್ಯೂ ಲಿನ್‌ನಲ್ಲಿ ನಮ್ಮ ಮನೆಯ ಹಿಂದಿನ ಮನೆ ಅವರದು. ಕೊಡಗಿನವರು. ಒನೆಹುಂಗಾದ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿ ನಿವೃತ್ತರಾದ ಮೇಲೆ, ಲೈಸೆನ್ಸ್ ಪಡೆದು, ಬೀಗ ಹಾಕಿದ ಗರಾಜಿನೊಳಗೆ ಬೇಟೆಗಾರರಿಗೆ ಬಂದೂಕು ಕಟ್ಟಿಕೊಡುತ್ತಿದ್ದರು. ನಮಗೆಲ್ಲ ಬಂದೂಕಿನ ಅಂಕಲ್. ಆಕ್ಷನ್ ಅಂದರೆ ಬಂದೂಕಿನ ಎದೆಗೂಡು. ಅದನ್ನು ಬೇರೆಡೆಯಿಂದ ತರಿಸಿ, ಬ್ಯಾರೆಲ್ ತಿರುಪಿ ಕೂರಿಸಿ, ಒಳಗೆ ಹಿಂದೆಮುಂದೆ ಸರಿಯುವ ಬೋಲ್ಟಿಗೆ ನೀಲಿ ಬಳಿದು ನೋಡುತ್ತಿದ್ದರು. ಉಕ್ಕಿಗೆ ಉಕ್ಕು ತಾಗಿದ ಕಡೆ ನೀಲಿ ಅಳಿಯಬೇಕು. ಅಳಿಯದಿದ್ದರೆ ಮತ್ತೆ ಬಿಚ್ಚಬೇಕು. ಯಾವುದನ್ನೂ, ಯಾರನ್ನೂ ನಂಬದ ಮನುಷ್ಯ. “ಬಂದೂಕು ಖಾಲಿ ಉಂಟು ಅಂತ ಹೇಳ್ತಾನಲ್ಲ, ಅವನನ್ನೇ ಎರಡು ಸಲ ನೋಡ್ಬೇಕು” ಅನ್ನುತ್ತಿದ್ದರು.

ನಾನೂ ಅವರನ್ನು ನಂಬಿರಲಿಲ್ಲ. ದಿನಾ ಸಾಲಿಗ್ರಾಮಕ್ಕೆ ನೀರೆರೆಯುವ ನಮ್ಮ ಯಜಮಾನರಿಗೆ ಈ ಬೇಟೆಯ ಹುಚ್ಚು ಹಿಡಿಸಿದವರು ಅವರೇ ತಾನೆ? “ಜಿಂಕೆ, ಮೇಕೆ ಎಲ್ಲ ಇಲ್ಲಿ ಕಾಡಿಗೆ ಪೀಡೆ ಕಣೇ” ಎಂದು ಇವರು ನನಗೇ ಪಾಠ ಹೇಳಿದರು. ಲೈಸೆನ್ಸ್ ತೆಗೆದುಕೊಂಡರು. ಹಿಡಿಗೆ ಗೆರೆ ಗೆರೆಯ ಅಕ್ರೋಟು ಮರವನ್ನು ತಾವೇ ಆರಿಸಿ, ಒಂದು ಬಂದೂಕು ಮಾಡಿಕೊಡಲು ಹೇಳಿದರು.

ಆ ಚಳಿಗಾಲ ಇವರ ಕೆಲಸ ಹೋಯಿತು. ಹಿಂದೆಯೇ ಮಾತೂ ಹೋಯಿತು. ಬೂಟು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತೇ ಇರುತ್ತಿದ್ದರು. ಪ್ರಾಣದಂತಿದ್ದ ಕ್ಯಾಮೆರಾವನ್ನು ಯಾರಿಗೋ ಕೊಟ್ಟುಬಂದರು. ಬಾಯಿ ತೆರೆದರೆ ಅಂಕಲ್ ಹತ್ತಿರ ಒಂದೇ ಪ್ರಶ್ನೆ: “ರೈಫಲ್ ಆಯ್ತಾ?” ಇಂಥ ಸ್ಥಿತಿಯಲ್ಲಿರುವವರ ಕೈಗೆ ಬಂದೂಕೇ? ಅದರಾಚೆ ಯೋಚಿಸಲು ಹೆದರಿ ದೇವರ ಮುಂದೆ ಕೂರುತ್ತಿದ್ದೆ. ಇವತ್ತು ಎರಡು ತುತ್ತು ಉಂಡರಲ್ಲ, ಸಾಕು ತಂದೆ.

“ಆಕ್ಷನ್ ಇನ್ನೂ ಬರ್ಲಿಲ್ಲ, ಮೋನೆ” ಎನ್ನುತ್ತಿದ್ದರು ಅಂಕಲ್. ಅವರ ಭಾಷೆಯಲ್ಲಿ ಮೋನೆ ಅಂದರೆ ಮಗ. ಆದರೆ ಕೋಸಂಬರಿ ಕೊಡಲು ಹೋದಾಗ ನಾನು ನನ್ನ ಕಣ್ಣಾರೆ ಕಂಡಿದ್ದೆ: ಇವರು ಆರಿಸಿದ ಅದೇ ಮರ, ಅದರ ಮೇಲೆ ಫಳಫಳ ಹೊಳೆಯುವ ಆಕ್ಷನ್. ಬಂದೂಕು ತಡವಾದರೆ ನನಗೆ ಒಳ್ಳೆಯದೇ. ಆದರೆ ಈ ಮುದುಕ ಸುಳ್ಳೇಕೆ ಹೇಳುತ್ತಾರೆ? ನಮ್ಮದನ್ನು ಬೇರೆ ಯಾರಿಗೋ ಸಾಗಿಸುವ ಹುನ್ನಾರವೇ?

ಆಯುಧ ಪೂಜೆ ಬಂತು. “ಪೂಜೆಗಾದ್ರೂ ತಂದಿಡಿ, ಅಂಕಲ್” ಅಂದರು ಇವರು. ಬಂದೂಕಿನ ಪೂಜೆಗೆ ಕೊಡಗಿನವರು ಹೇಗೆ ಒಲ್ಲೆ ಅಂದಾರು? ಮಡಿ ಪಂಚೆಯಲ್ಲಿ ಸುತ್ತಿ ತಾವೇ ಹೊತ್ತು ತಂದರು. ನನ್ನ ಮಿಕ್ಸಿ, ಈಳಿಗೆಮಣೆ, ಕಾರಿನ ಕೀ, ಪಕ್ಕದಲ್ಲಿ ಅದು. ಕುಂಕುಮ ಹಚ್ಚಲು ಬಗ್ಗಿದೆ. ಎದೆಗೂಡು ಟೊಳ್ಳು. ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು.

“ಬೋಲ್ಟ್ ಎಲ್ಲಿ?” ಇವರ ದನಿ ಒಡೆದಿತ್ತು.

“ನೀಲಿ ಸರಿ ಅಳಿತಾ ಇಲ್ಲ, ಮೋನೆ.”

ನನಗೆ ತಡೆಯಲಾಗಲಿಲ್ಲ. “ಸುಳ್ಳು! ಆಕ್ಷನ್ ಬಂದಿಲ್ಲ ಅಂದಿದ್ದೂ ಸುಳ್ಳೇ. ನಾನೇ ನೋಡಿದೀನಿ.”

“ಹೌದಮ್ಮ, ಸುಳ್ಳೇ” ಅಂದರು ಅಂಕಲ್, ಇವರ ಮುಖದಿಂದ ಕಣ್ಣು ಕೀಳದೆ. “ಮರ ಆರಿಸುವಾಗ ತಲೆ ತಿಂದವ ನೀನು. ಈಗ ಹೇಗಾಗಿದೆ ಅಂತ ಒಂದು ದಿನ ಬಂದು ನೋಡ್ಲಿಲ್ಲ. ಯಾವಾಗ ಅಂತ ಮಾತ್ರ ಕೇಳ್ತೀಯ. ಇದು ಜಿಂಕೆಗಾ ಮೋನೆ? ನನ್ನ ಮುಖ ನೋಡಿ ಹೇಳು.”

ಇವರು ಹಾಗೇ ಕುಸಿದು, ಮಿಕ್ಸಿಯ ಪಕ್ಕ ತಲೆ ಇಟ್ಟು, ಮಗುವಿನ ಹಾಗೆ ಅತ್ತರು. ಅಂಕಲ್ ಬಂದೂಕನ್ನು ಪಂಚೆಯಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದರು.

“ಅಳ್ಲಿ ಬಿಡು. ಕಾಫಿ ಇಡಮ್ಮ. ಇದನ್ನ ಬೀರುವಿಗೆ ಹಾಕಿ ಬರ್ತೇನೆ, ಆಮೇಲೆ ಮೂವರೂ ಡಾಕ್ಟರ ಹತ್ರ ಹೋಗುವ.”

ಹೋದೆವು. ಗುಣವಾಗಲು ಬಹಳ ಕಾಲ ಹಿಡಿಯಿತು. ಲೈಸೆನ್ಸನ್ನು ಇವರೇ ಹಿಂದಿರುಗಿಸಿದರು. ಆ ಬಂದೂಕು ಯಾರ ಕೈ ಸೇರಿತೋ ನಾವು ಕೇಳಲಿಲ್ಲ. ಅಂಕಲ್ ಮಾತ್ರ ದಿನವೂ ಬಂದು, ಕಾಫಿ ಮೂಸಿ, ಇವರ ಮುಖ ನೋಡಿ ಹೋಗುತ್ತಿದ್ದರು. “ಚೆನ್ನಾಗಿದೀನಿ ಅಂಕಲ್” ಅಂದರೆ ಬಾಗಿಲವರೆಗೆ ಹೋಗಿ, ತಿರುಗಿ ಇನ್ನೊಮ್ಮೆ ನೋಡುತ್ತಿದ್ದರು. ಇವರು ಸೊರ್ ಎಂದು ಕಾಫಿ ಹೀರುವ ಸದ್ದು ಮೊದಲು ನನಗೆ ಆಗುತ್ತಿರಲಿಲ್ಲ. ಈಗ ಅದೂ ದೇವರು ಕೊಟ್ಟಿದ್ದೇ.

ಕಳೆದ ವರ್ಷ ಅಂಕಲ್ ಆಸ್ಪತ್ರೆ ಸೇರಿದರು. ಒಂದು ಸಂಜೆ, “ನನಗೆ ಆರಾಮ ಉಂಟು. ನೀವಿಬ್ಬರೂ ಮನೆಗೆ ಹೋಗಿ” ಎಂದು ನಮ್ಮನ್ನು ಗದರಿದರು. ನಾನು ಚೀಲ ಎತ್ತಿಕೊಂಡೆ. ಬಾಗಿಲವರೆಗೆ ಬಂದ ಇವರು ತಿರುಗಿ ಇನ್ನೊಮ್ಮೆ ನೋಡಿದರು. ಮತ್ತೆ ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು, ಆ ನೀಲಿ ಹೆಬ್ಬೆರಳನ್ನು ಹಿಡಿದು ಕೂತರು.

ಬೆಳಗ್ಗೆ ಅವರ ಕಣ್ಣು ಮುಚ್ಚಿಸಿದ್ದೂ ಇವರೇ.