ಕಾಲೆತ್ತಿಕೊಂಡು ಕಾದವರು

ಒಂದು ಗರ್ಜನೆಯ ಆಸೆ ತೋರಿಸಿ ನಮ್ಮನ್ನು ಥಿಯೇಟರಿಗೆ ಕರೆಸಿಕೊಂಡರು. ಒಳಗೆ ಕೂರಿಸಿದ ಮೇಲೆ ಅದನ್ನು ಕೇಳಿಸಲೇ ಇಲ್ಲ. ನಮಗಾದ ಅನ್ಯಾಯ ಇದು. ಚಿಕ್ಕದೆನ್ನುವವರು ನನ್ನ ಪಕ್ಕದಲ್ಲಿ ಕುಳಿತಿದ್ದವನು ಯಾರೆಂಬುದನ್ನು ಮೊದಲು ತಿಳಿಯಲಿ.

ಅವನು ಮಾಳಮಡ್ಡಿಯ ಶಾಲೆಯಲ್ಲಿ ನನ್ನೊಡನೆ ಓದಿದವನು, ಮುಂದೆ ಹುಬ್ಬಳ್ಳಿಯಲ್ಲಿ ಸೈಕಲ್ ಅಂಗಡಿ ನಡೆಸಿದವನು. ಈಗ ಅವನ ಕಣ್ಣಿಗೆ ಬೆಳಕು, ನೆರಳು ಎಂಬ ಭೇದವಷ್ಟೇ ಉಳಿದಿದೆ. ಹುಡುಗರಾಗಿದ್ದಾಗ ನಾವಿಬ್ಬರೂ ರವಿವಾರದ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ, ಕಡಲಿನಿಂದ ಎದ್ದುಬಂದು ಪಟ್ಟಣ ತುಳಿಯುವ ದೈತ್ಯಪ್ರಾಣಿಯ ಪರದೇಶದ ಚಿತ್ರವನ್ನು ಮತ್ತೆ ಮತ್ತೆ ನೋಡಿದೆವು. ಪರದೆಯ ಹತ್ತಿರ ಕಟ್ಟಿಗೆಯ ಬೆಂಚುಗಳಿದ್ದವು, ನೆಲವೂ ಹಲಗೆಯದೇ. ಪ್ರಾಣಿ ಕಾಣುವ ಮೊದಲು ಅದರ ಹೆಜ್ಜೆಯ ಸಪ್ಪಳ ಬರುತ್ತಿತ್ತು, ಹಲಗೆಗಳು ನಡುಗುತ್ತಿದ್ದವು. ಯಾರೋ ಒಬ್ಬರು, “ಕಾಲ ಮ್ಯಾಲ ತಗೋರ್ರಿ, ಬಂತದು” ಎನ್ನುವರು. ಬೆಂಚಿನವರೆಲ್ಲ ಕಾಲು ಮೇಲೆತ್ತಿ ಮುದುಡಿ ಕೂರುವರು. ಅದು ಗರ್ಜಿಸಿದ ಮೇಲೆಯೇ ಕಾಲು ಕೆಳಗಿಡುವುದು ಅಲ್ಲಿಯ ರೂಢಿ. ಕಲ್ಲಿನ ಮೇಲೆ ಕಬ್ಬಿಣ ಎಳೆದಂತೆ ಆರಂಭವಾಗುವ ಆ ಗರ್ಜನೆ ಅಳುವಿನಂತೆ ಮುಗಿಯುತ್ತಿತ್ತು. “ಅದಕ್ಕ ಸಿಟ್ಟಿಲ್ಲಲೇ, ಸಂಕಟ ಐತಿ” ಎಂದು ನನ್ನ ಗೆಳೆಯ ಆಗಲೇ ಹೇಳಿದ್ದ.

ಈ ವರ್ಷ ಅದರ ಮುಂದಿನ ಭಾಗ ಬರುತ್ತದೆಂದು ಜಾಹೀರಾತು ಬಂತು. ಅದರಲ್ಲಿ ಅದೇ ಗರ್ಜನೆ. ಕೊನೆಯಲ್ಲಿ, ಹಳೆಯ ಅಭಿಮಾನಿಗಳಿಗೆ ಅರ್ಪಣೆ ಎಂಬ ಮಾತು. ನಾನು ಗೆಳೆಯನಿಗೆ ಫೋನಿನಲ್ಲಿ ಕೇಳಿಸಿದೆ. ಅವನು ಇನ್ನೊಮ್ಮೆ ಹಚ್ಚಿಸಿ ಕೇಳಿದ.

“ಅದs ಗಂಟಲ” ಎಂದ. “ಖರೇ ಹೇಳು, ಪಿಕ್ಚರ್‌ನ್ಯಾಗೂ ಇರತೈತೇನು?”

“ಇರತೈತಿ. ನಾ ಮಾತು ಕೊಡತೇನಿ” ಎಂದೆ.

ಕಣ್ಣು ಹೋದಂದಿನಿಂದ ಸಿನಿಮಾದ ಹೆಸರೆತ್ತದವನು ನನ್ನ ಮಾತನ್ನು ನಂಬಿ ಹೊರಟ.

ಮಾಲ್‌ನ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಚಪ್ಪಲಿ ಕಳಚಿದ. ಹೆಜ್ಜೆಯ ಸಪ್ಪಳ ಕೇಳಿದೊಡನೆ ಎರಡೂ ಕಾಲು ಮೇಲೆತ್ತಿಕೊಂಡ. ನಾನೂ ಎತ್ತಿಕೊಂಡೆ.

ಪಕ್ಕದ ಹೆಣ್ಣುಮಗಳು, “ಅಜ್ಜಾರ, ಕಾಲ ಕೆಳಗ ಇಡ್ರಿ, ಸೀಟ ಹೊಲಸ ಆಗತೈತಿ” ಎಂದಳು.

“ತಡೀವಾ ತಂಗಿ, ಅದು ಒಮ್ಮೆ ಒದರಲಿ, ಇಡತೇವಿ” ಎಂದ ಗೆಳೆಯ.

ಅದು ಒದರಲಿಲ್ಲ. ಬಾಯಿ ತೆರೆದಾಗಲೆಲ್ಲ ನಗಾರಿ, ಮೇಳದ ಹಾಡು.

“ಬಾಯಿ ತಗದೈತೇನು?” ಎಂದು ಗೆಳೆಯ ಕೇಳಿದ.

“ತಗದೈತಿ.”

“ಮತ್ತ ದನಿ?”

“ಹಾಡು ಹಚ್ಚ್ಯಾರ.”

“ಮಂದಿ ಓಡಾಕತ್ತಾರೇನು?”

“ಇಲ್ಲ. ಕೈ ಬೀಸಾಕತ್ತಾರ.”

“ಯಾರಿಗೆ?”

“ಅದಕ್ಕs.”

“ಹಂಗಾರ ಇದು ಆನಿ ಮೆರವಣಿಗಿ ಆತಲ್ಲೋ.”

ಅವನು ಹೇಳಿದ್ದು ಸರಿಯಾಗಿತ್ತು. ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಾಪಾಡುವ ಸಾಕುಪ್ರಾಣಿಯನ್ನಾಗಿ ಮಾಡಿದ್ದರು. ಆದರೂ ಗೆಳೆಯ ಕಾಲು ಇಳಿಸಲಿಲ್ಲ; ಕೊನೆಯ ತನಕ ಕಾದ. ದೀಪ ಹತ್ತಿದಾಗ ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ನಾನು ಮೀನಖಂಡ ತಿಕ್ಕುತ್ತಿದ್ದರೆ, ಆ ಹೆಣ್ಣುಮಗಳೇ ಅವನ ಚಪ್ಪಲಿ ಹುಡುಕಿ ಮುಂದಿಟ್ಟಳು. ಅಷ್ಟು ಸೌಜನ್ಯ ಚಿತ್ರ ಮಾಡಿದವರಲ್ಲಿ ಇರಲಿಲ್ಲ.

ಹೊರಗೆ ಬಂದಮೇಲೆ, “ಫೋನಿನ್ಯಾಗಿಂದಾದ್ರೂ ಒಮ್ಮೆ ಕೇಳಸು” ಎಂದ. ಕೇಳಿಸಿದೆ. ಅರ್ಧದಲ್ಲೇ ಕೈ ಅಡ್ಡ ಹಿಡಿದ.

“ಬಂದ್ ಮಾಡು. ಇದೂ ಈಗ ಖರೇ ಅನಸವಲ್ದು.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: “ಇನ್ನ ಮ್ಯಾಲ ನನಗ ಯಾವುದಕ್ಕೂ ಮಾತು ಕೊಡಬ್ಯಾಡ ದೋಸ್ತ.”

ಇಷ್ಟು ವರ್ಷಗಳ ಸ್ನೇಹದಲ್ಲಿ ಅವನು ನನಗೆ ಇಂಥ ಮಾತು ಆಡಿರಲಿಲ್ಲ.

ಚಿತ್ರ ಮಾಡಿದ ಮಹನೀಯರೇ, ನಿಮ್ಮ ಪ್ರಾಣಿಯನ್ನು ಪಳಗಿಸುವ ಹಕ್ಕು ನಿಮ್ಮದು. ಆದರೆ ಚಿತ್ರಕ್ಕೆ ಬೇಡವಾದ ಗರ್ಜನೆಯನ್ನು ಜಾಹೀರಾತಿಗೆ ಆರಿಸಿಕೊಂಡಾಗ, ಅದನ್ನು ಗುರುತಿಸಿ ಓಡಿಬರುವವರು ಯಾರೆಂಬುದು ನಿಮಗೆ ಚೆನ್ನಾಗಿಯೇ ಗೊತ್ತಿತ್ತಲ್ಲವೇ?