ಕಾರ್ಡಿನಲರ ತಪ್ಪು ಸಾಲು

ಅಣ್ಣ ತೀರಿಕೊಂಡ ಮೂರನೆಯ ದಿನಕ್ಕೇ ಅವನ ಶವಪೆಟ್ಟಿಗೆ ಮಂಗಳೂರಿನ ವಿಮಾನ ಹತ್ತಿತು. ಅಬುಧಾಬಿಯಲ್ಲಿ ಇದು ಅಷ್ಟು ಬೇಗ ಮುಗಿಯುವ ಕೆಲಸವಲ್ಲ ಎಂದು ಎಲ್ಲರೂ ನನ್ನನ್ನು ಹೊಗಳಿದರು. ಮರಣಪತ್ರ, ಪೊಲೀಸರ ಕಾಗದ, ವೀಸಾ ಕ್ಯಾನ್ಸಲ್, ಪಾಸ್‌ಪೋರ್ಟ್ ಕ್ಯಾನ್ಸಲ್, ಕಾರ್ಗೋ, ಎಲ್ಲವನ್ನೂ ಒಂದರ ಹಿಂದೊಂದು ಮಾಡಿಸಿದೆ. ದುಬೈಯ ಕಂಪನಿಯೊಂದರಲ್ಲಿ ಹದಿನಾರು ವರ್ಷದಿಂದ ನನ್ನ ಉದ್ಯೋಗವೇ ಅದು, ಇನ್ನೊಬ್ಬರ ಕಾಗದ ಓಡಿಸುವುದು. ಅತ್ತಿಗೆ ಪೆಟ್ಟಿಗೆಯ ಜೊತೆ ಊರಿಗೆ ಹೋದಳು. ನಾನು ಹೋಗಲಿಲ್ಲ. ಅವನ ಕಾರು, ಬ್ಯಾಂಕು, ಫ್ಲ್ಯಾಟಿನ ಕಾಗದ ಬಾಕಿ ಇದೆ, ಯಾರಾದರೂ ಇರಬೇಕಲ್ಲ ಎಂದೆ. ನೀನು ಉಳಿ ಎಂದು ಯಾರೂ ಹೇಳಿರಲಿಲ್ಲ.

ಮಣ್ಣು ಮಾಡುವುದನ್ನು ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ. ಸದ್ದು ತೆಗೆದಿದ್ದೆ. ಪೆಟ್ಟಿಗೆ ಕೆಳಗಿಳಿಸುವ ಹೊತ್ತಿಗೆ ನನ್ನ ಟೋಕನ್ ನಂಬರ್ ಬಂತು, ಎದ್ದು ಹೋದೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ದುಬೈಯ ಅಲ್ ಬರ್ಷಾದ ನನ್ನ ಮನೆಯಲ್ಲಿ ಅಕ್ಕಿ ತೊಳೆದೆ, ಮೆಟ್ರೊ ಹತ್ತಿದೆ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ತಿಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಹೇಸಿಗೆಯೂ ಆಗಲಿಲ್ಲ.

ಅವನಿಗಾಗಿ ನಾನು ಮಾಡಬೇಕಾದದ್ದು ಇನ್ನೊಂದೇ ಉಳಿದಿತ್ತು, ತಿಂಗಳ ಪೂಜೆ. ಸತ್ತು ತಿಂಗಳು ತುಂಬಿದ ದಿನ ಇಗರ್ಜಿಯಲ್ಲಿ ಹೆಸರು ಓದಿಸಿ ಆತ್ಮಶಾಂತಿ ಕೋರುವುದು ನಮ್ಮ ಕಡೆಯ ಕ್ಯಾಥೊಲಿಕರು ಬಿಡದ ಪದ್ಧತಿ. ಊರಿನಲ್ಲಿ ಅತ್ತಿಗೆ ಮಾಡಿಸುವವಳಿದ್ದಳು. ಅಲ್ ಮೀನಾದ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ದುಡಿದು ಅವನು ಇಪ್ಪತ್ತು ವರ್ಷ ಮೊಣಕಾಲೂರಿದ ಅಬುಧಾಬಿಯ ಇಗರ್ಜಿಯಲ್ಲಿ ನಾನು ಮಾಡಿಸಬೇಕಿತ್ತು. ಮಣ್ಣಿಗೆ ಹೋಗದವಳು ಇದನ್ನಾದರೂ ನೆಟ್ಟಗೆ ಮಾಡಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಆ ಪೂಜೆಯ ಸಂಜೆಯೇ ಇನ್ನೊಂದು ಕೆಲಸವೂ ಬಿದ್ದಿತ್ತು. ಕನ್ನಡ ಓದುವ ನಮ್ಮ ಹತ್ತು ಮನೆಗಳವರು ತಿಂಗಳಿಗೊಮ್ಮೆ ಪೂಜೆಯ ನಂತರ ಒಂದು ಕಡೆ ಸೇರುತ್ತೇವೆ. ಧರ್ಮಸಭೆಯ ಹಿರಿಯರೊಬ್ಬರ ಬಗ್ಗೆ ಯಾರಾದರೂ ಹತ್ತು ನಿಮಿಷ ಮಾತಾಡಬೇಕು. ನನ್ನ ಪಾಲಿಗೆ ಬಂದವರು ಹತ್ತೊಂಬತ್ತನೆಯ ಶತಮಾನದ ಒಬ್ಬ ಕಾರ್ಡಿನಲ್. ಪವಾಡವಿಲ್ಲ, ಹುತಾತ್ಮರೂ ಅಲ್ಲ. ಹಳ್ಳಿಯ ಬಡ ಮನೆಯಿಂದ ಬಂದು ಪಾದ್ರಿಯಾಗಿ, ಒಂದೂರಿನ ಇಗರ್ಜಿಯನ್ನೂ ನಡೆಸದೆ ನೇರ ರೋಮಿನ ಕಚೇರಿ ಸೇರಿದವರು. ಗುಮಾಸ್ತರಾಗಿ ಶುರುಮಾಡಿ ಕೊನೆಗೆ ದೂರದೇಶದ ಮಿಶನ್ನುಗಳ ಇಡೀ ಆಡಳಿತ ನೋಡಿಕೊಂಡರು. ಯಾವ ಊರಿಗೆ ಬಿಷಪ್ ಬೇಕು, ಯಾವ ಜಗಳ ಯಾರು ಬಿಡಿಸಬೇಕು, ಎಲ್ಲ ಅವರ ಮೇಜಿಗೇ ಬರುತ್ತಿತ್ತು. ಹಡಗಿನಲ್ಲಿ ಉತ್ತರ ಹೋಗಿ ತಲಪುವಷ್ಟರಲ್ಲಿ ಕೆಲವೊಮ್ಮೆ ಕೇಳಿದವನೇ ಇರುತ್ತಿರಲಿಲ್ಲ. ಆಗ ಆ ಕಡತ ಮುಚ್ಚಿ ಮುಂದಿನದನ್ನು ಬಿಚ್ಚುವರು. ಕಾರ್ಡಿನಲ್ ಪದವಿಯ ಕೆಂಪು ಟೋಪಿ ಸಿಕ್ಕಿದ್ದೂ ಈ ಕೆಲಸಕ್ಕೇ.

ಅವರ ಜೀವನಚರಿತ್ರೆಯನ್ನು ಫಾದರ್ ಹತ್ತಿರ ಕೇಳಿ ತಂದುಕೊಟ್ಟವನು ಅಣ್ಣನೇ. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಓದಿ ಹೇಳುತ್ತಿದ್ದೆ. ನಮ್ಮದು ಮನೆಯಲ್ಲಿ ಕೊಂಕಣಿ. ತಮಾಷೆ ಮಾಡುವಾಗ ಮಾತ್ರ ಅವನು ಕನ್ನಡಕ್ಕೆ ಇಳಿಯುತ್ತಿದ್ದ.

"ಎಂತ ಮಾರಾಯ್ತಿ, ಇವ್ರು ಥೇಟ್ ನಿನ್ನ ಹಾಗೇ ಇದ್ದಾರಲ್ಲ! ನಿಂಗೂ ಒಂದು ಕೆಂಪು ಟೊಪ್ಪಿ ಹೊಲಿಸುವಾ."

ಕಾರ್ಡಿನಲರ ಜೊತೆ ರೋಮಿನಲ್ಲಿ ಅವರ ಅಣ್ಣನೂ ಇದ್ದರಂತೆ, ಮನೆ ನೋಡಿಕೊಂಡು. ಹಳ್ಳಿಯ ತಂಗಿಗೆ ವಾರವಾರವೂ ಬರೆಯುವ ಕಾಗದದ ಕೊನೆಗೆ, ಅಣ್ಣ ಚೆನ್ನಾಗಿದ್ದಾನೆ, ನಿಮ್ಮನ್ನೆಲ್ಲ ಕೇಳಿದ್ದಾನೆ ಎಂದು ಒಂದು ಸಾಲು ಇದ್ದೇ ಇರುತ್ತಿತ್ತು. ಆ ಅಣ್ಣ ಸತ್ತ ದಿನ ಕಾರ್ಡಿನಲರು ಎಂದಿನ ಹೊತ್ತಿಗೆ ಕಚೇರಿಗೆ ಬಂದರು. ಮುಂದಿನ ವಾರ ತಂಗಿಗೆ ಸಮಾಧಿಯ ಕಲ್ಲಿನ ವಿಷಯ ಬರೆದು, ಕೊನೆಗೆ ಅದೇ ಸಾಲನ್ನೂ ಬರೆದರು. ವಯಸ್ಸಿನ ಮರೆವು ಎಂದು ಪುಸ್ತಕ ಬರೆದವನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹೇಳಿ ಮುಗಿಸಿದ್ದ.

"ಸತ್ತ ದಿನವೂ ಕಚೇರಿ! ಕಲ್ಲೆದೆಯ ಮನುಷ್ಯ" ಎಂದಿದ್ದೆ ನಾನು.

ಅಣ್ಣ ನಗಲಿಲ್ಲ. "ಹಾಗೆ ಹೇಳ್ಬೇಡ. ಪಾಪ, ಅವ್ರಿಗೆ ಬೇರೆ ಎಂತ ಗೊತ್ತಿತ್ತು?" ಎಂದು ಕೊಂಕಣಿಯಲ್ಲೇ ಹೇಳಿದ.

ಭಾಷಣ ಬರೆಯುವಾಗ ತಂಗಿಗೆ ಬರೆದ ಆ ಸಾಲನ್ನು ಹೊಡೆದು ಹಾಕಿದೆ. ಹತ್ತು ನಿಮಿಷದಲ್ಲಿ ಅಂಥದ್ದಕ್ಕೆಲ್ಲ ಜಾಗವಿರಲಿಲ್ಲ.

ಪೂಜೆಗೆ ಹೆಸರು ಕೊಡಲು ಇಗರ್ಜಿಯ ಫಾರಂ ಮೊಬೈಲಿನಲ್ಲೇ ತುಂಬಬಹುದು. ಅಣ್ಣ ಮಲಗಿದ್ದ ಮೂರು ತಿಂಗಳೂ ವಾರಕ್ಕೊಮ್ಮೆ ತುಂಬಿದ್ದೆ. ತಿಂಗಳ ಪೂಜೆಗೂ ಆಫೀಸಿನಲ್ಲಿ ಮಾಡುವ ಹಾಗೆಯೇ ಮಾಡಿದೆ. ಹಳೆಯ ಫಾರಂ ತೆರೆದು ತಾರೀಖು ಮಾತ್ರ ಬದಲಿಸಿ ಕಳಿಸಿದೆ. ಒಂದೇ ಹೆಸರನ್ನು ಎರಡು ಸಲ ಟೈಪ್ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು.

ಸಂಜೆಯ ಪೂಜೆಯಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದೆ. ಹೆಸರು ಓದುವಾಕೆ ಮೊದಲು ಕಾಯಿಲೆಯವರ ಪಟ್ಟಿ ಹಿಡಿದಳು. ಐದನೆಯದು ಅಣ್ಣನ ಹೆಸರು. ಇವರೆಲ್ಲ ಬೇಗ ಗುಣವಾಗಿ ಮನೆಗೆ ಮರಳಲಿ ಎಂದಳು. ಪ್ರಭುವೇ ನಮ್ಮ ಪ್ರಾರ್ಥನೆಯನ್ನು ಆಲಿಸು ಎಂದು ಇಡೀ ಇಗರ್ಜಿ ಹೇಳಿತು. ನಾನೂ ಹೇಳಿದೆ, ಮೂರು ತಿಂಗಳ ರೂಢಿಯಂತೆ, ಗಟ್ಟಿಯಾಗಿ. ಆಮೇಲೆ ಸತ್ತವರ ಪಟ್ಟಿ ಬಂತು. ಅದರಲ್ಲಿ ಅವನಿರಲಿಲ್ಲ. ಆಗ ಗೊತ್ತಾಯಿತು, ಹಳೆಯ ಫಾರಂನಲ್ಲಿ ಕಾಯಿಲೆಯವರು ಎಂಬ ಗುರುತು ಹಾಗೇ ಉಳಿದಿತ್ತು.

ಪೂಜೆ ಮುಗಿದ ಮೇಲೆ ಇಗರ್ಜಿಯ ಆಫೀಸಿಗೆ ಹೋದೆ. ಅಲ್ಲಿದ್ದ ನಮ್ಮ ಊರ ಕಡೆಯ ಹೆಂಗಸು ಕಂಪ್ಯೂಟರ್ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ ದೇವ್ರೇ! ಬೇಜಾರು ಮಾಡ್ಬೇಡಿ ಅಕ್ಕ. ಇದನ್ನು ಕ್ಯಾನ್ಸಲ್ ಮಾಡಿ ನಾಳೆಗೆ ಹೊಸ್ತು ಹಾಕ್ತೇನೆ, ಆಯ್ತಾ?"

ಆ ತಿಂಗಳಲ್ಲಿ ಅವನ ವೀಸಾ, ಪಾಸ್‌ಪೋರ್ಟ್, ಲೈಸೆನ್ಸು, ಕೊನೆಗೆ ಫೋನ್ ನಂಬರನ್ನೂ ನನ್ನ ಕೈಯಾರೆ ಕ್ಯಾನ್ಸಲ್ ಮಾಡಿಸಿದ್ದೆ.

"ಹೊಸ್ತು ಹಾಕಿ. ಆದ್ರೆ ಇದನ್ನು ಕ್ಯಾನ್ಸಲ್ ಮಾಡ್ಬೇಡಿ" ಎಂದೆ.

ಆ ತಿಂಗಳು ನಾವು ಸೇರಬೇಕಿದ್ದ ಎಲೆಕ್ಟ್ರಾ ಸ್ಟ್ರೀಟಿನ ಮನೆಯಲ್ಲಿ ಆಗಲೇ ಎಲ್ಲರೂ ಚಹಾ ಹಿಡಿದು ಕಾಯುತ್ತಿದ್ದರು. ನಾಲ್ಕು ಹಾಳೆ ಬಿಡಿಸಿಕೊಂಡು ನಿಂತೆ. ಹುಟ್ಟು, ಓದು, ಕಚೇರಿ, ಕೆಂಪು ಟೋಪಿ, ಎಲ್ಲ ಕ್ರಮವಾಗಿ ಬರೆದಿತ್ತು. ನಾನು ಹೊಡೆದು ಹಾಕಿದ ಸಾಲಿನಿಂದಲೇ ಶುರುಮಾಡಿದೆ. ಒಬ್ಬ ಕಾರ್ಡಿನಲರಿದ್ದರು, ಅವರ ಅಣ್ಣ ತೀರಿಕೊಂಡ ಮರುವಾರ ತಂಗಿಗೆ ಒಂದು ಕಾಗದ ಬರೆದರು ಎಂದೆ. ಅಣ್ಣ ಚೆನ್ನಾಗಿದ್ದಾನೆ ಎನ್ನುವಲ್ಲಿಗೆ ಬಂದಾಗ ನನಗೆ ಅಳು ಬಂತು, ನಿಲ್ಲಲೇ ಇಲ್ಲ. ಮನೆಯಾಕೆ ಬಂದು ಕೈಯಿಂದ ಹಾಳೆಗಳನ್ನು ತೆಗೆದುಕೊಂಡಳು. ಉಳಿದ ಒಂಬತ್ತು ನಿಮಿಷವನ್ನು ಯಾರೂ ಕೇಳಲಿಲ್ಲ.