ಮೊರಿತಾ ಅವರ ಕತ್ತಿಗೆ ಬೂಷ್ಟು ಬಂದದ್ದು

1984ರಲ್ಲಿ ನಾನು ಬಹರೇನ್‌ನ ಮನಾಮಾದಲ್ಲಿ, ಏರ್‌ಕಂಡೀಷನರ್ ಮಾರಿ, ಕೂರಿಸಿ, ರಿಪೇರಿ ಮಾಡುವ ಒಂದು ಕಂಪನಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಆ ಊರಿನ ಬೇಸಿಗೆಯಲ್ಲಿ ನಮ್ಮ ಕಸುಬಿನವರಿಗೆ ವೈದ್ಯರಿಗಿಂತ ಹೆಚ್ಚು ಮರ್ಯಾದೆ. ಆಗಸ್ಟ್‌ನಲ್ಲಿ ಮನೆಯ ಎ.ಸಿ. ನಿಂತರೆ ಬ್ಯಾಂಕಿನ ದೊಡ್ಡ ಸಾಹೇಬರೂ ಗೇಟಿಗೆ ಬಂದು ನಮ್ಮನ್ನು ಕರೆದೊಯ್ಯುತ್ತಿದ್ದರು. ಅದು ಸರಿಯಾಗಿ ಓಡುತ್ತಿದ್ದರೆ ದಾರಿಯಲ್ಲಿ ಎದುರಾದರೂ ಗುರುತು ಹಿಡಿಯುತ್ತಿರಲಿಲ್ಲ. ಕಂಪ್ರೆಸರ್ ಸುಟ್ಟದ್ದು, ಗ್ಯಾಸ್ ಸೋರಿದ್ದು, ಡಕ್ಟಿನೊಳಗೆ ಬೆಕ್ಕು ಮರಿ ಹಾಕಿದ್ದು, ಹೀಗೆ ಎಲ್ಲ ಬಗೆಯ ದೂರುಗಳನ್ನು ನೋಡಿದ್ದೆ. ಕತ್ತಿಗೆ ಬೂಷ್ಟು ಬಂದಿದೆ ಎಂಬ ದೂರು ಮಾತ್ರ ಅದೊಂದೇ.

ದೂರು ಕೊಟ್ಟವರು ಮೊರಿತಾ ಎಂಬ ಜಪಾನಿ ಬ್ಯಾಂಕ್ ಅಧಿಕಾರಿ. ಆಫೀಸು ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ, ಮನೆ ಜುಫೈರ್‌ನ ಒಂದು ವಿಲ್ಲಾದಲ್ಲಿ. ಹೆಂಡತಿ ಮಕ್ಕಳು ಒಸಾಕಾದಲ್ಲಿದ್ದರು. ಇಲ್ಲಿ ಅವರ ಜೊತೆಗಿದ್ದದ್ದು ಎರಡೇ: ತೀರಿಹೋದ ಚಿಕ್ಕಪ್ಪನಿಂದ ಬಂದ ಹಳೆಯ ಕತ್ತಿ ಮತ್ತು ಬಂಟ್ವಾಳದ ಕಡೆಯ ಅಡುಗೆಯವನಾದ ಲಾರೆನ್ಸ್.

ಬಾಗಿಲು ತೆರೆದ ಲಾರೆನ್ಸ್ ನನ್ನ ಷರ್ಟಿನ ಮೇಲಿನ ಹೆಸರು ಓದಿ ಮುಖ ಅರಳಿಸಿದ. ನನ್ನ ಮನೆಮಾತು ತುಳು, ಅವನದು ಕೊಂಕಣಿ. ನಡುವೆ ಕನ್ನಡ ಇತ್ಯರ್ಥಕ್ಕೆ ಬಂತು.

"ಶೆಟ್ರೆ, ಒಳಗೆ ಹೋದ್ರೆ ಮಾತಾಡ್ಬೇಡಿ ಆಯ್ತಾ? ಕತ್ತಿಗೆ ಉಗುಳು ಹಾರ್ತದೆ ಅಂತ ಸಾಹೇಬ್ರಿಗೆ ಹೆದ್ರಿಕೆ."

ಅವನ ಎಡಗೆನ್ನೆ ಸ್ವಲ್ಪ ಊದಿದಂತೆ ಕಂಡಿತು. ವೀಳ್ಯ ಹಾಕಿದ್ದಾನೆಂದುಕೊಂಡೆ.

ಮೊರಿತಾ ಸಣ್ಣ ಮೈಕಟ್ಟಿನ, ಬಲು ಶಿಸ್ತಿನ ಮನುಷ್ಯ. ಕೋಣೆಯ ಬೀಗ ತೆಗೆದು, ನನ್ನ ಕೈಗೊಂದು ಮಡಿಸಿದ ಕಾಗದ ಕೊಟ್ಟು ತುಟಿಗಳ ನಡುವೆ ಕಚ್ಚಿಕೊಳ್ಳಲು ಸನ್ನೆ ಮಾಡಿದರು. ತಾವೂ ಕಚ್ಚಿಕೊಂಡರು. ಉಸಿರಿನ ತೇವವೂ ಉಕ್ಕಿಗೆ ಆಗದಂತೆ. ಇಬ್ಬರೂ ಬಾಯಲ್ಲಿ ಕಾಗದ ಹಿಡಿದು ಎದುರು ಬದುರು ಕೂತೆವು. ಅವರು ಕತ್ತಿಗೆ ತಲೆಬಾಗಿ ನಮಸ್ಕರಿಸಿದರು, ನಾನೂ ಬಾಗಿದೆ. ಗಿರಾಕಿ ಮಾಡಿದ್ದನ್ನು ಮಾಡುವುದು ಸರ್ವಿಸ್‌ನವರ ಅಭ್ಯಾಸ.

ಒರೆಯಿಂದ ಕತ್ತಿ ಈಚೆ ಬಂದಾಗ ನಾನು ಎ.ಸಿ.ಯನ್ನು ಮರೆತೆ. ಸಿನಿಮಾದಲ್ಲಿ ಕಾಣುವ ತಳತಳ ಅಲ್ಲ ಅದು. ಅಲಗಿನ ಉದ್ದಕ್ಕೂ ಒಂದು ಬಿಳಿಯ ಅಲೆಗೆರೆ, ಮರಳಿನ ಮೇಲೆ ತೆರೆ ಹಿಂದೆ ಸರಿದಾಗ ಉಳಿಯುವ ನೊರೆಯಂತೆ. ಉಕ್ಕನ್ನು ಕಾಯಿಸಿ ನೀರಿಗಿಳಿಸುವ ಗಳಿಗೆಯಲ್ಲಿ ಹುಟ್ಟುವ ಆ ಗೆರೆಗೆ ಹಮೋನ್ ಎನ್ನುತ್ತಾರೆಂದೂ, ಅದನ್ನು ನೋಡಿಯೇ ಬಲ್ಲವರು ಕಮ್ಮಾರನ ಮನೆತನ ಹೇಳುತ್ತಾರೆಂದೂ ಮೊರಿತಾ ಆಮೇಲೆ ವಿವರಿಸಿದರು. ಹಿಡಿಕೆ ಮತ್ತು ಅಲಗಿನ ನಡುವಿನ ಕಬ್ಬಿಣದ ಬಿಲ್ಲೆಯ ಮೇಲೆ ಒಂದು ಏಡಿ. ಕಾಲು ಎತ್ತಿ ಇನ್ನೇನು ಓಡಿಬಿಡುತ್ತದೆ ಎನ್ನುವಷ್ಟು ಜೀವಂತ.

ಆದರೆ ಅಲಗಿನ ಮೇಲೆಲ್ಲ ಹಾಲಿನ ಕೆನೆಯಂಥ ಮಸುಕು ಹರಡಿತ್ತು. ಅಲೆಗೆರೆ ಅದರ ಕೆಳಗೆ ಅರ್ಧ ಮುಳುಗಿತ್ತು.

ಹೊರಗೆ ಬಂದು ಬಾಯಿಂದ ಕಾಗದ ತೆಗೆದ ಮೇಲೆ ಮೊರಿತಾ ಹೇಳಿದರು: "ಬೂಷ್ಟು. ಒರೆಸಿ, ಪುಡಿ ತಟ್ಟಿ, ಹೊಸ ಎಣ್ಣೆ ಹಚ್ಚುತ್ತೇನೆ. ಮತ್ತೆ ಬರುತ್ತದೆ. ನಿಮ್ಮ ಎ.ಸಿ. ಗಾಳಿಯಲ್ಲಿ ತೇವ ಇದೆ."

ಅವರ ಆತಂಕಕ್ಕೆ ಕಾರಣವಿತ್ತು. ಚಿಕ್ಕಪ್ಪನ ಗೆಳೆಯರಾದ ಒಕುದಾ ಎಂಬ, ಹಳೆಯ ಕತ್ತಿಗಳನ್ನು ಪರೀಕ್ಷಿಸಿ ಬೆಲೆ ಹೇಳುವ ಪಾರಖಿ ಲಂಡನ್‌ಗೆ ಹೋಗುವ ದಾರಿಯಲ್ಲಿ ಬಹರೇನ್‌ನಲ್ಲಿ ಇಳಿಯುವವರಿದ್ದರು. ಮರುಭೂಮಿಯ ನಾಡಿಗೆ ಈ ಕತ್ತಿ ಒಯ್ಯಬೇಡ ಎಂದು ಅವರು ಮೊದಲೇ ಹೇಳಿದ್ದರಂತೆ. ಕತ್ತಿ ಕೆಟ್ಟಿದೆ ಎಂದರೆ ಮೊರಿತಾ ಅದನ್ನು ಅವರ ಕೈಗೊಪ್ಪಿಸಬೇಕು. ಮನೆತನದವರೆಲ್ಲ ಹಾಗೆಂದು ಒಪ್ಪಿಕೊಂಡಿದ್ದರು. ನನಗೂ ಕಾರಣವಿತ್ತು. ಆ ಬ್ಯಾಂಕಿನ ಎಲ್ಲ ಅಧಿಕಾರಿಗಳ ವಿಲ್ಲಾಗಳ ಗುತ್ತಿಗೆ ನಮ್ಮ ಕಂಪನಿಯದು. "ಕತ್ತಿ ಸರಿಯಾಗದಿದ್ರೆ ನೀನು ಊರಿನ ಟಿಕೆಟ್ ನೋಡ್ಕೋ" ಎಂದು ನಮ್ಮ ಮ್ಯಾನೇಜರ್ ಹಿಂದಿಯಲ್ಲಿ, ನಗುನಗುತ್ತಲೇ ಹೇಳಿದ್ದ. ಅವನು ಗಂಭೀರವಾದ ಮಾತುಗಳನ್ನು ನಕ್ಕೇ ಹೇಳುತ್ತಿದ್ದ.

ಮೊದಲ ಪರೀಕ್ಷೆಯಲ್ಲೇ ನನಗೊಂದು ತಪ್ಪು ಸಿಕ್ಕಿತು. ಸಣ್ಣ ಕೋಣೆಗೆ ದೊಡ್ಡ ಯೂನಿಟ್ ಹಾಕಿದ್ದರು. ಹಾಗಿದ್ದಾಗ ಕೋಣೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ. ಗಾಳಿಯ ತೇವ ಹಿಂಡುವಷ್ಟು ಹೊತ್ತು ಅದು ಓಡುವುದೇ ಇಲ್ಲ. ಇದಕ್ಕೆ ಷಾರ್ಟ್ ಸೈಕ್ಲಿಂಗ್ ಎನ್ನುತ್ತೇವೆ. ಸಣ್ಣ ಯೂನಿಟ್ ಹಾಕಿಸಿ, ಪಕ್ಕದಲ್ಲಿ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟೆ. ಗಾಳಿಯ ಸಾಪೇಕ್ಷ ತೇವಾಂಶ, ಅಂದರೆ ಗಾಳಿ ಹೊರಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ, ಶೇಕಡಾ ಐವತ್ತಕ್ಕಿಳಿಯಿತು. ಇರಲಿ ಎಂದು ಥರ್ಮೋಸ್ಟಾಟನ್ನು ಹದಿನೆಂಟು ಡಿಗ್ರಿಗೆ ತಿರುಗಿಸಿ, ಗೆದ್ದವನಂತೆ ಮನೆಗೆ ಹೋದೆ.

ಎರಡು ದಿನ ಬಿಟ್ಟು ಮೊರಿತಾ ಫೋನ್ ಮಾಡಿದರು. ಧ್ವನಿ ತೀರಾ ಮೆಲ್ಲಗಿತ್ತು. ಅವರಿಗೆ ಸಿಟ್ಟು ಬಂದಷ್ಟೂ ಧ್ವನಿ ಇಳಿಯುತ್ತಿತ್ತು.

"ಈಗ ಹಿಮ ಬಿದ್ದ ಹಾಗಿದೆ," ಎಂದರು.

ಹೋಗಿ ನೋಡಿದರೆ ನಿಜ. ಹಿಂದೆ ಮಸುಕಿದ್ದಲ್ಲಿ ಈಗ ದಪ್ಪ ಬಿಳಿ ಪೊರೆ. ಮೀಟರ್ ನೋಡಿದೆ, ತೇವ ಏರಿರಲಿಲ್ಲ. ಬಹರೇನ್‌ನಲ್ಲಿ ಅಷ್ಟು ಒಣಗಿದ ಕೋಣೆ ಇನ್ನೊಂದಿರಲಾರದು. ತೋಚದೆ, ಗಾಳಿ ತಂಪಾಗಿಸುವ ಕಾಯಿಲ್ ತೊಳೆಯುತ್ತೇನೆಂದು ಯೂನಿಟ್ ಆರಿಸಿದೆ. ತೋಚದಿದ್ದಾಗ ಕಾಯಿಲ್ ತೊಳೆಯುವುದು ನಮ್ಮ ಕಸುಬಿನ ಪರಂಪರೆ. ಹೊರಗೆ ಬೆಂಕಿ ಬಿಸಿಲು. ಕೋಣೆ ಬೇಗನೆ ಬೆಚ್ಚಗಾಯಿತು. ಕೆಲಸ ಮುಗಿಸಿ ಬಂದಾಗ ಮೊರಿತಾ ಕತ್ತಿಯೆದುರು ಕೂತಿದ್ದರು. ಬಾಯಲ್ಲಿದ್ದ ಕಾಗದ ನೆಲಕ್ಕೆ ಬಿದ್ದಿತ್ತು.

"ಹೋಯಿತು!"

ಬಿಳಿ ಮಾಯವಾಗಿತ್ತು. ಅಲೆಗೆರೆ ಸ್ವಚ್ಛವಾಗಿ ಹೊಳೆಯುತ್ತಿತ್ತು. ಅವರು ಎದ್ದು ನನ್ನ ಕೈ ಕುಲುಕಿದರು. ನಾನು ವಿನಯದಿಂದ ಯೂನಿಟ್ ಹಾಕಿದೆ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಬಿಳಿ ಮತ್ತೆ ಬಂದಿತ್ತು. ಅವರು ಕುಲುಕಿದ ಕೈಯನ್ನು ವಾಪಸು ಕೇಳುವವರಂತೆ ನನ್ನನ್ನೇ ನೋಡಿದರು.

ಸೆಖೆಗೆ ಕರಗಿ, ಚಳಿಗೆ ಹೆಪ್ಪುಗಟ್ಟುವ ಬೂಷ್ಟು ಲೋಕದಲ್ಲಿಲ್ಲ. ನನ್ನ ತಲೆಯಲ್ಲಿ ಏನೋ ಮಿಸುಕಿತು.

"ನೀವು ಹಚ್ಚುವ ಎಣ್ಣೆ ಎಲ್ಲಿದೆ?" ಎಂದು ಕೇಳಿದೆ.

ಎಣ್ಣೆ, ಕಾಗದ, ಒರೆಸುವ ಪುಡಿ ತುಂಬಿದ ಬಟ್ಟೆಯ ಚೆಂಡು ಎಲ್ಲ ಹೊರಗಿನ ಹಾಲ್‌ನ ಡ್ರಾಯರಿನಲ್ಲಿದ್ದವು. ಕೋಣೆಗೆ ಬೀಗ, ಡ್ರಾಯರಿಗಿಲ್ಲ. ಕಪ್ಪು ಗಾಜಿನ ಪುಟ್ಟ ಶೀಶೆ. ಜಪಾನಿನಿಂದ ಬಂದದ್ದು, ಲವಂಗದ ಪರಿಮಳ ಬೆರೆಸಿದ ತೆಳು ಎಣ್ಣೆ. ಶೀಶೆಯನ್ನು ಎ.ಸಿ. ಗಾಳಿ ಬೀಳುವಲ್ಲಿ ಇಟ್ಟು, ಬೇರೇನೋ ಅಳೆಯುವಂತೆ ನಟಿಸಿದೆ. ಆಮೇಲೆ ಬೋರಲು ಹಾಕಿದೆ. ಒಂದು ತೊಟ್ಟೂ ಬೀಳಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಲವಂಗದ ಹಿಂದೆ, ದೂರದಲ್ಲಿ, ನಮ್ಮ ಮನೆಯ ವಾಸನೆ.

ಬಹರೇನ್‌ನಲ್ಲಿ ಜನವರಿ ಕಳೆದ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಇಪ್ಪತ್ತನಾಲ್ಕು ಡಿಗ್ರಿಯ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಬ್ಯಾಚುಲರ್ ಕೋಣೆಗಳಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ನಿಲ್ಲಿಸಿ, ಕರಗುವವರೆಗೆ ನಾವೂ ಪಕ್ಕದಲ್ಲಿ ನಿಲ್ಲುತ್ತಿದ್ದೆವು.

"ಒಂದು ನಿಮಿಷ, ಮೇನ್ ಸ್ವಿಚ್ ನೋಡಬೇಕು," ಎಂದು ಹೇಳಿ ನಾನು ಅಡುಗೆಮನೆಗೆ ಹೋದೆ.

ಲಾರೆನ್ಸ್ ಬಂಗುಡೆ ಮೀನು ಹೆಚ್ಚುತ್ತಿದ್ದ. ನನ್ನ ಕೈಯಲ್ಲಿದ್ದ ಶೀಶೆ ನೋಡಿ ಅವನ ಚೂರಿ ನಿಂತಿತು.

"ಇದಕ್ಕೆ ತೆಂಗಿನೆಣ್ಣೆ ಹಾಕಿದ್ದು ನೀನಾ?"

ಅವನು ಬಾಯಿ ತೆರೆದು, ಬೆರಳಿನಿಂದ ಹಿಂದಿನ ದವಡೆ ತೋರಿಸಿದ. ಅಲ್ಲೊಂದು ಹತ್ತಿಯ ಉಂಡೆ.

"ಎಂತ ಮಾಡುದು ಮಾರಾಯ್ರೆ, ಮೂರು ತಿಂಗ್ಳಾಯ್ತು ನೋವು. ಡ್ರಾಯರ್ ಒರೆಸ್ವಾಗ ಲವಂಗದ ಪರಿಮಳ ಬಂತು. ಒಂಚೂರು ಇಟ್ಕೊಂಡೆ, ಕಮ್ಮಿ ಆಯ್ತು. ಮತ್ತೆ ಒಂಚೂರು. ಶೀಶೆ ಖಾಲಿಯಾಗ್ತಾ ಬಂದ್ರೆ ಸಾಹೇಬ್ರಿಗೆ ಗೊತ್ತಾಗ್ತದಲ್ಲ, ಅದಕ್ಕೆ ನಮ್ದು ಸ್ವಲ್ಪ ಸೇರಿಸ್ದೆ."

"ಸೂಕ್‌ನ ಅಂಗಡಿಯಲ್ಲಿ ಲವಂಗದೆಣ್ಣೆ ಸಿಗೂದಿಲ್ವಾ?"

"ಸಿಗ್ತದೆ. ಆದ್ರೆ ಇದು ಜಪಾನಿಂದಲ್ವಾ, ಬೇಗ ಹಿಡೀತದೆ."

"ಆಸ್ಪತ್ರೆಗೆ ಹೋಗ್ಬಹುದಿತ್ತಲ್ಲ?"

"ಹಲ್ಲು ಕೀಳ್ತಾರೆ!" ಎಂದ. ಹೆಬ್ಬಾವು ಕಂಡವನ ಮುಖ ಅದು. ಕೈಯಲ್ಲಿ ಚೂರಿ ಹಿಡಿದ, ನನಗಿಂತ ಎರಡು ಪಟ್ಟು ಅಗಲದ ಮನುಷ್ಯ.

ನಾನು ಏನೂ ಹೇಳದೆ ಹೊಸ ಎಣ್ಣೆ ತರಿಸಿ ಎಂದಷ್ಟೇ ಸೂಚಿಸಿದ್ದರೆ ಮುಗಿಯುತ್ತಿತ್ತು. ಆದರೆ ಒಕುದಾ ಬರುವುದು ಮರುದಿನವೇ. ಕತ್ತಿಗೆ ಏನು ಹಚ್ಚಿದೆಯೆಂದು ತಿಳಿಯದೆ ಅವರು ಹೇಗೆ ಸ್ವಚ್ಛ ಮಾಡಿಯಾರು? ಲಾರೆನ್ಸ್‌ಗೆ ಅದನ್ನೇ ಹೇಳಿದೆ. ಅವನು ಬಂಗುಡೆಯನ್ನು ಪಾತ್ರೆಗೆ ಹಾಕಿ ಮುಚ್ಚಿದ. ಆಮೇಲೆ ಕೈ ತೊಳೆದು, ಏಪ್ರನ್ ಬಿಚ್ಚಿ, "ನೀವೂ ಬನ್ನಿ" ಎಂದ.

ಮೊರಿತಾ ಪೂರ್ತಿ ಕೇಳಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ನನ್ನ ಚಿಕ್ಕಪ್ಪನ ಕತ್ತಿಗೆ," ಎಂದರು, ಕೇಳಿಸದಷ್ಟು ಮೆಲ್ಲಗೆ, "ನಾನು ತಲೆಗೆ ಹಚ್ಚುವ ಎಣ್ಣೆ ಬಳಿದಿದ್ದೇನೆ."

ಲಾರೆನ್ಸ್‌ಗೆ ಇದು ತೀರಾ ಅವಮಾನವೆನಿಸಿತು. "ನೋ ಸರ್! ತಲೆಗೆ ಹಚ್ಚುವುದಲ್ಲ, ಅಡುಗೆಯದ್ದು. ಫಸ್ಟ್ ಕ್ಲಾಸ್. ನಮ್ಮ ಮನೆಯ ತೆಂಗಿನಕಾಯಿ, ಸರ್!"

ನಾನು ಅವನ ಕಾಲು ತುಳಿದೆ. ಮೊರಿತಾ ಎದ್ದು ಕತ್ತಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಲಾರೆನ್ಸ್ ಸೂಟ್‌ಕೇಸ್ ತುಂಬಲು ಹೋದ. ಅದರಲ್ಲಿ ಒಂದು ಡಬ್ಬ ತೆಂಗಿನೆಣ್ಣೆಯೂ ಇತ್ತು.

ಮರುದಿನ ನನ್ನನ್ನೂ ಕರೆದಿದ್ದರು, ಎ.ಸಿ.ಯ ಪರವಾಗಿ ಸಾಕ್ಷಿ ಹೇಳಲು ಇರಬೇಕು. ಒಕುದಾ ಎಪ್ಪತ್ತು ದಾಟಿದ, ಬತ್ತಿದ ಮೈಯ ಮುದುಕರು. ಮೊರಿತಾ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದರು. ಮುದುಕರು ಕತ್ತಿ ಮೂಸಿ, ಒರೆಗೆ ಸೇರಿಸಿ, ಜಪಾನಿಯಲ್ಲಿ ಏನೋ ಕೇಳಿದರು. ಮೊರಿತಾ ನನಗೆ ಅನುವಾದಿಸಿದರು: "ಇವತ್ತು ಊಟಕ್ಕೂ ಇದೇನಾ ಎಂದು ಕೇಳುತ್ತಿದ್ದಾರೆ."

ಮುದುಕರು ಎ.ಸಿ. ಆರಿಸಲು ಹೇಳಿ, ಎಣ್ಣೆ ಕರಗಿದ ಮೇಲೆ ಮೆತ್ತನೆಯ ಕಾಗದದಿಂದ ಒರೆಸಿದರು. ಪುಡಿ ತಟ್ಟಿದರು. ಮತ್ತೆ ಒರೆಸಿದರು. ನಂತರ ದೀಪದೆದುರು ಅಲಗನ್ನು ಹಿಡಿದು ಇಂಚಿಂಚಾಗಿ ಸರಿಸಿದರು. ನನ್ನ ಬಾಯಲ್ಲಿ ಕಾಗದವಿದ್ದದ್ದರಿಂದ ದೇವರನ್ನು ಗಟ್ಟಿಯಾಗಿ ಕರೆಯುವಂತೆಯೂ ಇರಲಿಲ್ಲ. ಅಲಗು ನಿರ್ಮಲ. ಬುಡದ ಹತ್ತಿರ ಮಾತ್ರ ಮುದುಕರ ಕೈ ನಿಂತಿತು. ಅಲ್ಲೊಂದು ಕಂದು ಕಲೆ, ನಿಜವಾದ ತುಕ್ಕು. ಸುರುಳಿ ಸುರುಳಿ ಗೆರೆಗಳು. ಯಾರದೋ ಹೆಬ್ಬೆರಳ ಗುರುತು.

ಮುದುಕರು ಬಾಗಿಲಲ್ಲಿ ನಿಂತಿದ್ದ ಲಾರೆನ್ಸ್‌ನನ್ನು ಕರೆದು ಅವನ ಹೆಬ್ಬೆರಳು ನೋಡಿದರು. ಅದು ಕಲೆಗಿಂತ ಎರಡು ಪಟ್ಟು. ನನ್ನದನ್ನೂ ನೋಡಿದರು. ಕೊನೆಗೆ ಮೊರಿತಾ ತಾವಾಗಿಯೇ ಕೈ ಮುಂದೆ ಮಾಡಿದರು. ಹೆಬ್ಬೆರಳಿಗೆ ಅಡ್ಡವಾಗಿ ಬಾಲ್ಯದ ಗಾಯದ ಗೆರೆಯೊಂದಿತ್ತು. ಕಲೆಯಲ್ಲೂ ಆ ಗೆರೆ ಹಾಗೇ ಮೂಡಿತ್ತು.

"ಬೂಷ್ಟಿನ ಕಲೆ ಎಂದುಕೊಂಡಿದ್ದೆ. ಬಂದ ಮೊದಲ ವಾರ," ಎಂದರು ಮೊರಿತಾ, ಕಾಗದ ತೆಗೆದು ಮುಖ ಪಕ್ಕಕ್ಕೆ ತಿರುಗಿಸಿ. "ಸಹೋದ್ಯೋಗಿಗಳಿಗೆ ತೋರಿಸಿದೆ. ಸ್ವಲ್ಪ ಕುಡಿದಿದ್ದೆ."

ಒಕುದಾ ನಗಲು ಆರಂಭಿಸಿದರು. ಕತ್ತಿಯನ್ನು ಜೋಪಾನವಾಗಿ ಒರೆಗೆ ಸೇರಿಸಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಲೆ ಆಳಕ್ಕಿಳಿದಿಲ್ಲ, ಪಾಲಿಷ್‌ನವರು ತೆಗೆಯಬಲ್ಲರು ಎಂದರು. ಆ ಜಪಾನಿ ಎಣ್ಣೆಯಲ್ಲಿ ಲವಂಗ ಇರುವುದು ಪರಿಮಳಕ್ಕಷ್ಟೇ, ಹಲ್ಲುನೋವಿಗೆ ಅದರಿಂದ ಏನೂ ಆಗದು ಎಂದೂ ಹೇಳಿದರು. ಅದನ್ನು ಲಾರೆನ್ಸ್‌ಗೆ ತಿಳಿಸಿದಾಗ ಅವನು ಒಪ್ಪಲಿಲ್ಲ. "ಆಗ್ತಿತ್ತು," ಎಂದ, ದೃಢವಾಗಿ.

ಕತ್ತಿ ಮೊರಿತಾ ಬಳಿಯೇ ಉಳಿಯಿತು, ಲಾರೆನ್ಸ್‌ನ ಕೆಲಸವೂ ಉಳಿಯಿತು. ಉಳಿಯದೆ ಹೋದದ್ದು ಹಲ್ಲು ಮಾತ್ರ. ಮರುವಾರ ಮೊರಿತಾ ಅವನನ್ನು ತಮ್ಮ ಕಾರಿನಲ್ಲೇ ದಂತವೈದ್ಯರ ಬಳಿ ಕರೆದೊಯ್ದರು. ಅವನು ಓಡಿಹೋಗದಂತೆ ಬಾಗಿಲ ಬಳಿ ತಾವೇ ಕುರ್ಚಿ ಹಾಕಿ ಕೂತಿದ್ದರಂತೆ.

ಯಂತ್ರ ಕೆಟ್ಟಿದೆ ಎಂದು ಕರೆದವರೆಲ್ಲರ ಮನೆಯಲ್ಲಿ ಯಂತ್ರವೇ ಕೆಟ್ಟಿರುವುದಿಲ್ಲ. ಆ ಮನೆಯವರು ಹೇಗೆ ಬದುಕುತ್ತಾರೆಂಬುದನ್ನು ಮೊದಲು ಕೇಳಿಕೊಳ್ಳಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಮುಂದಿನ ಚಳಿಗಾಲದಲ್ಲಿ ಅವಾಲಿಯ ತೈಲ ಕಂಪನಿಯ ಮನೆಯೊಂದರಿಂದ ದೂರು ಬಂತು: ವರ್ಷವಿಡೀ ಹಾಕಿರುವ ಎ.ಸಿ. ಕೆಲವು ದಿನ ನಿಲ್ಲದೆ ಓಡಿ ಮನೆಯೆಲ್ಲ ಮಂಜುಗಡ್ಡೆಯಾಗುತ್ತದೆ. ಯಜಮಾನರು ಬೆಂಗಳೂರಿನವರು, ಊರಿನಿಂದ ಅತ್ತೆ ಬಂದಿದ್ದರು. ನಾನು ಟೂಲ್‌ಬಾಕ್ಸ್ ತೆರೆಯಲಿಲ್ಲ. ಸೋಫಾದಲ್ಲಿ ಕೂತು ಆ ಅಮ್ಮನನ್ನು ಕೇಳಿದೆ:

"ನಾಳೆ ಬೆಳಗ್ಗೆ ತಿಂಡಿಗೆ ಎಂತ ಅಮ್ಮಾ?"

"ಇಡ್ಲಿ ಕಣಪ್ಪ. ಈ ಚಳೀಲಿ ಹಿಟ್ಟು ಹುಳೀನೇ ಬರಲ್ಲ. ಅದಕ್ಕೇ ಪಾತ್ರೆ ಪಕ್ಕ ಒಂದು ದೊಡ್ಡ ಬಲ್ಬ್ ಉರಿಸಿ ಇಟ್ಟಿರ್ತೀನಿ, ನೋಡು."

ಅವರು ಬೆರಳು ತೋರಿಸಿದ ಕಡೆ ನೋಡಿದೆ. ಬಲ್ಬು ಉರಿಯುತ್ತಿದ್ದದ್ದು ಸರಿಯಾಗಿ ಥರ್ಮೋಸ್ಟಾಟ್‌ನ ಕೆಳಗೆ. ಅದರ ಬಿಸಿಗೆ ಮನೆಯೇ ಕಾದಿದೆ ಎಂದುಕೊಂಡು ಥರ್ಮೋಸ್ಟಾಟ್ ಎ.ಸಿ.ಯನ್ನು ನಿಲ್ಲಲು ಬಿಡುತ್ತಿರಲಿಲ್ಲ. ಪಾತ್ರೆ ಮತ್ತು ಬಲ್ಬನ್ನು ಆಚೆ ಮೂಲೆಗೆ ಸರಿಸಿ, ಮರುದಿನದ ಇಡ್ಲಿಗೆ ಬರುವ ಕರಾರಿನ ಮೇಲೆ ಆ ದೂರನ್ನು ಮುಗಿಸಿದೆ.